ಮಕ್ಕಳ ಕೈಗೆ ಎಂಥ ಆಕಾಶ?

ಬಾಲರಾಮನು ಚಂದ್ರನೇ ಬೇಕೆಂದು ಹಟ ಹಿಡಿದು ಅತ್ತ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಅರಮನೆಯ ಆಟಿಕೆಗಳಾವುವೂ ಅವನನ್ನು ಸಂತೈಸಲಿಲ್ಲವಂತೆ. ಕೊನೆಗೆ ಯಾರೋ ಬುದ್ಧಿವಂತರು ಒಂದು ಕನ್ನಡಿಯನ್ನು ತಂದು ಅವನ ಕೈಗೆ ಕೊಟ್ಟರು. ಚಂದ್ರನು ಅದರೊಳಕ್ಕೆ ಇಳಿದುಬಂದ, ಮಗು ನಕ್ಕಿತು. ಆಕಾಶವನ್ನು ಕುರಿತು ಎಳೆಯರಿಗಾಗಿ ಮಾಡಿದ ಚಿತ್ರಪುಸ್ತಕವೂ ಇಂಥದೇ ಒಂದು ಕನ್ನಡಿ. ಆದರೆ ಕನ್ನಡಿಗಳಲ್ಲಿಯೂ ಬಗೆಗಳುಂಟು. ಜಾತ್ರೆಯಲ್ಲಿ ನಮ್ಮನ್ನು ಉದ್ದಮಾಡಿ, ಗಿಡ್ಡಮಾಡಿ ತೋರಿಸುವ ಕನ್ನಡಿಯ ಮುಂದೆ ನಿಂತು ನಾವು ನಗುತ್ತೇವೆ. ನಮ್ಮ ನಿಜವಾದ ಮುಖ ನಮಗೆ ಮೊದಲೇ ಗೊತ್ತಿರುವುದರಿಂದ ನಗುತ್ತೇವೆ. ಮೂರು ನಾಲ್ಕು ವರ್ಷದ ಮಗುವಿಗೆ ಆಕಾಶದ ಮುಖ ಇನ್ನೂ ಗೊತ್ತಿಲ್ಲ. ನಾವು ಕೊಟ್ಟ ಕನ್ನಡಿಯಲ್ಲಿ ಕಂಡದ್ದೇ ಅದಕ್ಕೆ ನಿಜ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ನಮ್ಮ ಗ್ರಾಮಪಂಚಾಯಿತಿಗಳ ಗ್ರಂಥಾಲಯಗಳು ಇಂದು 'ಅರಿವು ಕೇಂದ್ರ'ಗಳೆಂಬ ಹೆಸರನ್ನು ಹೊತ್ತಿವೆ. ೨೦೨೦ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಆರಂಭವಾದ ಮೇಲೆ ಹಳ್ಳಿಯ ಮಕ್ಕಳು ಅಲ್ಲಿ ಸದಸ್ಯರಾಗಿ ಪುಸ್ತಕ ಹಿಡಿಯತೊಡಗಿದ್ದಾರೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಶಿಕ್ಷಕ ಮಿತ್ರರು, ಊರಿನ ಹಿರಿಯರು ಒಂದಷ್ಟು ಹಣ ಕೂಡಿಸಿಕೊಂಡು, "ಚಿಕ್ಕ ಮಕ್ಕಳಿಗೆ ಕೆಲವು ಪುಸ್ತಕ ಆರಿಸಿಕೊಡಿ" ಎಂದು ಕೇಳುವುದುಂಟು. ೨೦೨೩ರ ಆಗಸ್ಟ್ ೨೩ರಂದು ಚಂದ್ರಯಾನ-೩ ಚಂದ್ರನ ನೆಲವನ್ನು ಮುಟ್ಟಿದ ಮೇಲಂತೂ ಆ ಪಟ್ಟಿಯ ಮೊದಲಿಗೇ ಆಕಾಶದ ಪುಸ್ತಕ ಬಂದು ಕುಳಿತಿದೆ. ನಾನು ಕನ್ನಡದ ಮೇಷ್ಟ್ರು, ಖಗೋಳಶಾಸ್ತ್ರಜ್ಞನಲ್ಲ. ಆದರೂ ಈ ಪುಸ್ತಕಗಳು ನಡೆದುಬಂದ ದಾರಿಯನ್ನು ನೋಡಿದರೆ, ಯಾವುದನ್ನು ಆರಿಸಬೇಕೆಂಬುದಕ್ಕೆ ಅಲ್ಲಿಯೇ ಬಹುಮಟ್ಟಿಗೆ ಉತ್ತರ ದೊರೆಯುತ್ತದೆಂದು ನನಗೆ ತೋರುತ್ತದೆ.

ಮಕ್ಕಳಿಗಾಗಿಯೇ ಅಚ್ಚಾದ ಚಿತ್ರಪುಸ್ತಕಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಹೇಳುವುದು ಮೊರೇವಿಯದ ಶಿಕ್ಷಣವೇತ್ತ ಕೊಮೇನಿಯಸನ 'ಆರ್ಬಿಸ್ ಪಿಕ್ಟಸ್' ಎಂಬ ಗ್ರಂಥವನ್ನು. ೧೬೫೮ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಅದು ಹೊರಬಂದಿತು. ಒಂದು ಚಿತ್ರ, ಅದರ ಕೆಳಗೆ ಲ್ಯಾಟಿನ್ನಿನಲ್ಲಿಯೂ ಜರ್ಮನಿನಲ್ಲಿಯೂ ನಾಲ್ಕು ಮಾತು. ಹೀಗೆ ಪ್ರಪಂಚವನ್ನೆಲ್ಲ ಮಗುವಿನ ಮುಂದೆ ಹರಡಿಟ್ಟ ಪುಸ್ತಕ ಅದು. ಅದರಲ್ಲಿ ಆಕಾಶಕ್ಕೂ ಒಂದು ಪಾಠವಿದೆ. ಆ ಪಾಠ ಹೇಳುವುದೇನು? ಭೂಮಿ ನಡುವೆ ನಿಂತಿದೆ, ಆಕಾಶ ಅದನ್ನು ಸುತ್ತುತ್ತದೆ ಎಂದು! ಕೋಪರ್ನಿಕಸನ ಗ್ರಂಥ ೧೫೪೩ರಲ್ಲಿಯೇ ಪ್ರಕಟವಾಗಿ ಅಷ್ಟು ಹೊತ್ತಿಗೆ ನೂರ ಹದಿನೈದು ವರ್ಷಗಳಾಗಿದ್ದವು. ಗೆಲಿಲಿಯೋ ತನ್ನ ದೂರದರ್ಶಕದಲ್ಲಿ ಕಂಡುದನ್ನು ೧೬೧೦ರಲ್ಲಿ ಲೋಕಕ್ಕೆ ತಿಳಿಸಿಯಾಗಿತ್ತು. ಆದರೂ ಮಕ್ಕಳ ಪುಸ್ತಕದಲ್ಲಿ ಹಳೆಯ ಆಕಾಶವೇ ಉಳಿಯಿತು. ಪುಸ್ತಕವು ಬಹುಕಾಲ ಜನಪ್ರಿಯವಾಗಿ ಉಳಿದುದರಿಂದ ಆ ಆಕಾಶವೂ ತಲೆಮಾರುಗಳ ಕಾಲ ಶಾಲೆಗಳಲ್ಲಿ ಸುತ್ತುತ್ತಲೇ ಇತ್ತು. ಕೊಮೇನಿಯಸ್ ಸಾಮಾನ್ಯನಲ್ಲ, ಮಕ್ಕಳನ್ನು ಬಲ್ಲವನು. ಅಂಥವನ ಪುಸ್ತಕದ ಗತಿಯೇ ಹೀಗಾದರೆ ಉಳಿದವರ ಮಾತೇನು? ಹೊಸ ಅರಿವು ಮಕ್ಕಳ ಪುಸ್ತಕಕ್ಕೆ ಬಹಳ ತಡವಾಗಿ ಬರುತ್ತದೆ. ಒಮ್ಮೆ ಬಂದ ಚಿತ್ರ ಬಹಳ ತಡವಾಗಿ ಹೋಗುತ್ತದೆ.

ಇನ್ನು ಕನ್ನಡದ ಕಥೆ. ನಮ್ಮಲ್ಲಿ ವಿಜ್ಞಾನಕ್ಕೆ ಮೊದಲು ದೊರೆತದ್ದು ಮಾತು. ೧೯೧೮ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯವರು 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಅದನ್ನು ನಡೆಸಿದವರು ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ. ಕನ್ನಡದ ಎಂ. ಎ. ತರಗತಿಯವರಿಗೆ ವೆಂಕಟನಾರಣಪ್ಪನವರು ಪಂಪಭಾರತದ ಸಂಪಾದಕರೆಂದು ಪರಿಚಿತರು. ಭೌತವಿಜ್ಞಾನವನ್ನು ಬೋಧಿಸುತ್ತಿದ್ದವರು ಅವರೆಂಬುದು ಅಷ್ಟಾಗಿ ತಿಳಿಯದು. ಪತ್ರಿಕೆ ಹೆಚ್ಚು ವರ್ಷ ಬಾಳಲಿಲ್ಲ. ಆದರೆ ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದೆಂಬ ಧೈರ್ಯ ಅದರಿಂದ ಹುಟ್ಟಿತು. ೧೯೩೦ರ ದಶಕದಲ್ಲಿ ಶಿವರಾಮ ಕಾರಂತರು ಒಬ್ಬರೇ ಕುಳಿತು ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಸಿದ್ಧಪಡಿಸಿದರು. ಮುಂದೆ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನೂ ಕೊಟ್ಟರು. ಪ್ರಾಧ್ಯಾಪಕ ಆರ್. ಎಲ್. ನರಸಿಂಹಯ್ಯನವರ 'ಜಗತ್ತುಗಳ ಹುಟ್ಟು ಸಾವು' ದೊಡ್ಡವರಿಗೆ ನಕ್ಷತ್ರಲೋಕವನ್ನು ತೆರೆಯಿತು. ಆ ದಾರಿಯಲ್ಲಿ ಜಿ. ಟಿ. ನಾರಾಯಣರಾಯರು ನಡೆದು, ನಕ್ಷತ್ರಗಳನ್ನು ಕಣ್ಣಿನಿಂದಲೇ ನೋಡಿ ಗುರುತಿಸುವ ಅಭ್ಯಾಸವನ್ನು ಕನ್ನಡಿಗರಿಗೆ ಕಲಿಸಿದರು.

ಇವೆಲ್ಲ ಓದಬಲ್ಲವರ ಪುಸ್ತಕಗಳು. ಅಕ್ಷರ ಇನ್ನೂ ಕೂಡದ ಕೂಸಿಗೆ ಏನಿತ್ತು? ಹಾಡಿತ್ತು, ಕಥೆಯಿತ್ತು, ಚಿತ್ರವಿರಲಿಲ್ಲ. ಇದಕ್ಕೆ ಕಾರಣ ನಮ್ಮವರ ಉದಾಸೀನವೊಂದೇ ಅಲ್ಲ, ಮುದ್ರಣದ ಕಷ್ಟ. ಅಂದು ಒಂದು ಚಿತ್ರವನ್ನು ಅಚ್ಚುಹಾಕಬೇಕಾದರೆ ಸತುವಿನ ಬ್ಲಾಕ್ ಮಾಡಿಸಬೇಕು. ಬಣ್ಣದ ಚಿತ್ರವಾದರೆ ಬಣ್ಣಕ್ಕೊಂದರಂತೆ ಮೂರು ನಾಲ್ಕು ಬ್ಲಾಕುಗಳು, ಅಷ್ಟೇ ಸಲ ಅಚ್ಚು. ಕೆಲವಾಣೆ ಬೆಲೆಯ ಮಕ್ಕಳ ಪುಸ್ತಕ ಆ ಖರ್ಚನ್ನು ಹೇಗೆ ತಡೆದೀತು? ಅದರಲ್ಲಿಯೂ ಆಕಾಶದ ಚಿತ್ರ ಎಲ್ಲಕ್ಕಿಂತ ಕಷ್ಟದ್ದು. ಹಾಳೆ ತುಂಬ ಕಪ್ಪು ಬೇಕು, ನಡುವೆ ಸೂಜಿಮೊನೆಯಷ್ಟು ಬಿಳುಪು ಉಳಿಯಬೇಕು. ಅಗ್ಗದ ಕಾಗದದ ಮೇಲೆ ಆ ಕಪ್ಪು ಮಸಿ ಬಳಿದಂತಾಗಿ, ನಕ್ಷತ್ರಗಳು ಅದರಲ್ಲಿ ಮುಳುಗುತ್ತಿದ್ದವು. ೧೯೪೯ರಲ್ಲಿ ಕನ್ನಡದಲ್ಲಿ ಕಾಣಿಸಿಕೊಂಡ 'ಚಂದಮಾಮ' ಮಾಸಪತ್ರಿಕೆ ಮಕ್ಕಳ ಕಣ್ಣಿಗೆ ಬಣ್ಣದ ಹಬ್ಬವನ್ನೇ ಮಾಡಿಸಿತು. ಹೆಸರೇನೋ ಚಂದ್ರನದು, ಆದರೆ ಒಳಗಿದ್ದದ್ದು ರಾಜರು, ರಾಕ್ಷಸರು, ಬೇತಾಳ. ಅದು ಅದರ ಧರ್ಮ, ತಪ್ಪೇನಲ್ಲ.

೧೯೫೭ ಎರಡು ರೀತಿಯಲ್ಲಿ ನೆನಪಿಡಬೇಕಾದ ವರ್ಷ. ಆ ಅಕ್ಟೋಬರ್ ೪ರಂದು ಸೋವಿಯತ್ ದೇಶದ ಸ್ಪುಟ್ನಿಕ್ ಆಕಾಶಕ್ಕೇರಿತು. ಅದೇ ವರ್ಷ ದೆಹಲಿಯಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್, ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಎಂಬ ಎರಡು ಸಂಸ್ಥೆಗಳೂ ಹುಟ್ಟಿದವು. ಇವುಗಳಲ್ಲಿ ಮೊದಲನೆಯ ಸಂಸ್ಥೆಯ 'ನೆಹರು ಬಾಲ ಪುಸ್ತಕಾಲಯ'ದ ಮೂಲಕ, ಒಂದೇ ಚಿತ್ರವನ್ನು ಹಲವು ಭಾರತೀಯ ಭಾಷೆಗಳಿಗೆ ಹಂಚಿಕೊಂಡು ಖರ್ಚು ತಗ್ಗಿಸುವ ಉಪಾಯ ಕನ್ನಡಕ್ಕೂ ಒದಗಿತು. ಇನ್ನೊಂದು ಕಡೆಯಿಂದ ಮಾಸ್ಕೋದಲ್ಲಿ ಅಚ್ಚಾದ ಕನ್ನಡ ಪುಸ್ತಕಗಳು ೧೯೬೦ರಲ್ಲಿ ಹುಟ್ಟಿದ ನವಕರ್ನಾಟಕ ಪ್ರಕಾಶನದ ಮಳಿಗೆಗಳಿಗೆ ಬಂದವು. ಗಟ್ಟಿ ಕಾಗದ, ಕಣ್ಣು ಸೆಳೆಯುವ ಬಣ್ಣ, ಅಚ್ಚರಿಯಾಗುವಷ್ಟು ಕಡಿಮೆ ಬೆಲೆ. ನನ್ನ ವಯಸ್ಸಿನವರ ಕೈಗೂ ಅವುಗಳ ಕೊನೆಯ ಪ್ರತಿಗಳು ಸಿಕ್ಕಿದ್ದುಂಟು. ೧೯೯೧ರಲ್ಲಿ ಸೋವಿಯತ್ ಒಕ್ಕೂಟ ಒಡೆದೊಡನೆ ಆ ಕಾಲುವೆ ಬತ್ತಿತು. ನಡುವೆ ನಿರಂಜನರ ಸಂಪಾದಕತ್ವದಲ್ಲಿ ಕಿರಿಯರ ವಿಶ್ವಕೋಶ 'ಜ್ಞಾನಗಂಗೋತ್ರಿ'ಯ ಏಳು ಸಂಪುಟಗಳು ಬಂದವು. ೧೯೭೮ರಲ್ಲಿ ಹುಟ್ಟಿದ 'ಬಾಲವಿಜ್ಞಾನ' ಮಾಸಪತ್ರಿಕೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಆಶ್ರಯದಲ್ಲಿ ಬೆಳೆದು ಶಾಲೆಶಾಲೆಗೂ ಹೋಯಿತು.

ಆದರೆ ಈ ನಾಲ್ಕು ತಾಲ್ಲೂಕುಗಳ ಸಾಮಾನ್ಯ ಜನರ ಕೈಗೆ ಬಾಹ್ಯಾಕಾಶದ ಚಿತ್ರ ಮೊದಲು ಬಂದದ್ದು ಪುಸ್ತಕದಲ್ಲಿ ಅಲ್ಲವೆಂದೇ ನನ್ನ ಭಾವನೆ. ಅದು ಬಂದದ್ದು ಎರಡು ರೂಪಾಯಿಯ ನೋಟಿನ ಬೆನ್ನಿನ ಮೇಲೆ. ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾಯರ ನೇತೃತ್ವದಲ್ಲಿ, ಬೆಂಗಳೂರಿನ ಪೀಣ್ಯದ ಷೆಡ್ಡುಗಳಲ್ಲಿ ಕಟ್ಟಿದ 'ಆರ್ಯಭಟ' ಉಪಗ್ರಹ ೧೯೭೫ರ ಏಪ್ರಿಲ್ ೧೯ರಂದು ಸೋವಿಯತ್ ನೆಲದಿಂದ ಮೇಲೇರಿತು. ಕೆಲಕಾಲದಲ್ಲಿಯೇ ಇಪ್ಪತ್ತಾರು ಮುಖಗಳ ಆ ಗಡ್ಡೆಯ ಚಿತ್ರ ನೋಟಿಗೆ ಏರಿತು. ಚನ್ನಗಿರಿಯ ಸಂತೆಯಲ್ಲಿ ಅಡಿಕೆ ಸುಲಿದ ಕೂಲಿಯೊಡನೆ, ಹೊನ್ನಾಳಿಯ ಅಂಗಡಿಯಲ್ಲಿ ಬೆಲ್ಲದ ಚಿಲ್ಲರೆಯೊಡನೆ ಆ ಉಪಗ್ರಹ ಕೈಯಿಂದ ಕೈಗೆ ಸುತ್ತಿತು. ೧೯೯೫ರಲ್ಲಿ ಆ ನೋಟಿನ ಅಚ್ಚು ನಿಂತಿತು. ಇದೇನೆಂದು ಕೇಳಿದ ಮಗುವಿಗೆ ಎಷ್ಟು ಮಂದಿ ಹಿರಿಯರು ಉತ್ತರ ಹೇಳಿದರೋ! ಚಿತ್ರ ಬಂದಿತ್ತು, ಆದರೆ ಅದನ್ನು ಮಗುವಿಗೆ ಬಿಡಿಸಿ ಹೇಳುವ ನಾಲ್ಕು ಕನ್ನಡದ ಮಾತು ಅದರೊಡನೆ ಬಂದಿರಲಿಲ್ಲ.

ಇಂದು ಕೊರತೆಯ ಸ್ವರೂಪವೇ ಬೇರೆ. ಬೆಂಗಳೂರಿನಲ್ಲಿ ೨೦೦೪ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಅಗ್ಗದ ಬೆಲೆಗೆ ಕನ್ನಡದ ಚಿತ್ರಪುಸ್ತಕಗಳನ್ನು ತರುತ್ತಿದೆ. ೨೦೧೫ರಿಂದ ಅದರ ಸ್ಟೋರಿವೀವರ್ ತಾಣದಲ್ಲಿ ಅವನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದು. ಅಂಗಡಿಗಳಲ್ಲಿ ಹೊಳಪು ಕಾಗದದ ಆಕಾಶ ಪುಸ್ತಕಗಳು ರಾಶಿಯಾಗಿವೆ. ಹಿಂದೆ ಸಿಕ್ಕಿದ್ದನ್ನು ಕೊಡಬೇಕಾಗಿತ್ತು, ಇಂದು ಆರಿಸಿ ಕೊಡಬೇಕಾಗಿದೆ. ಆದರೆ ಹಳೆಯ ತೊಡಕೊಂದು ಹಾಗೆಯೇ ಉಳಿದಿದೆ. ನಮ್ಮಲ್ಲಿ ಮಾತು ಸ್ವಂತದ್ದಾಯಿತು, ಚಿತ್ರ ಬಹುಮಟ್ಟಿಗೆ ಎರವಲಿನದಾಗಿಯೇ ಉಳಿಯಿತು. ಎರವಲು ಚಿತ್ರದ ಆಕಾಶ ಎರವಲು ಊರಿನ ಆಕಾಶ.

ಜಗಳೂರು ಕಡೆಯ ಒಂದು ಶಾಲೆಯಲ್ಲಿ ನಾನು ಕಂಡ ಸಂಗತಿಯನ್ನು ಹೇಳುತ್ತೇನೆ. ಏಳು ವರ್ಷದ ಹುಡುಗಿಯೊಬ್ಬಳು ಎಳೆಯ ಚಂದ್ರನನ್ನು ಬರೆದಿದ್ದಳು; ಎರಡು ಕೊಂಬುಗಳನ್ನು ಮೇಲೆ ಮಾಡಿ ಮಲಗಿದ ದೋಣಿಯಂತೆ. ಪಕ್ಕದ ಹುಡುಗ ಬಣ್ಣದ ಪುಸ್ತಕವೊಂದನ್ನು ತೆರೆದು, ನಿಂತ ಕುಡುಗೋಲಿನಂತಿದ್ದ ಚಂದ್ರನನ್ನು ತೋರಿಸಿ, "ನಿನ್ನದು ತಪ್ಪು" ಎಂದ. ಹುಡುಗಿ ಒಂದು ಮಾತೂ ಆಡದೆ ರಬ್ಬರು ತೆಗೆದುಕೊಂಡು ತನ್ನ ಚಂದ್ರನನ್ನು ಅಳಿಸಿದಳು.

ಅವಳು ಬರೆದದ್ದೇ ಸರಿಯಾಗಿತ್ತು. ಸಂಜೆಯ ಬಿದಿಗೆ ಚಂದ್ರನ ಕೊಂಬುಗಳು ಯಾವ ಕಡೆಗೆ ತಿರುಗಿವೆಯೆಂಬುದು ನೋಡುವವನ ಊರು ಭೂಮಧ್ಯರೇಖೆಯಿಂದ ಎಷ್ಟು ದೂರದಲ್ಲಿದೆಯೆಂಬುದನ್ನು ಅವಲಂಬಿಸುತ್ತದೆ. ಲಂಡನ್ ಸುಮಾರು ೫೧ ಡಿಗ್ರಿ ಉತ್ತರದಲ್ಲಿದೆ. ಅಲ್ಲಿ, ವಿಶೇಷವಾಗಿ ಶರತ್ಕಾಲದ ಸಂಜೆಗಳಲ್ಲಿ, ಎಳೆಯ ಚಂದ್ರ ನೆಟ್ಟಗೆ ನಿಂತಂತೆ ಕಾಣುತ್ತಾನೆ. ನಮ್ಮ ಈ ತಾಲ್ಲೂಕುಗಳಿರುವುದು ೧೪ ಡಿಗ್ರಿಯ ಆಸುಪಾಸಿನಲ್ಲಿ. ಇಲ್ಲಿ ಅವನು ನಿಲ್ಲುವುದಕ್ಕಿಂತ ಮಲಗುವುದೇ ಹೆಚ್ಚು. ಯುಗಾದಿಯ ಹೊತ್ತಿಗಂತೂ ಹೆಚ್ಚುಕಡಮೆ ಸಮತಟ್ಟಾದ ದೋಣಿಯೇ. ಯುಗಾದಿಯ ಮರುಸಂಜೆ ಊರವರು ಬಯಲಿಗೆ ಬಂದು ಚಂದ್ರನ ಯಾವ ಕೊಂಬು ಎತ್ತರವಾಗಿದೆಯೆಂದು ನೋಡಿ ಮಳೆಬೆಳೆಯ ಮಾತಾಡುವ ವಾಡಿಕೆ ನಮ್ಮಲ್ಲಿದೆ. ಆ ಭವಿಷ್ಯವನ್ನು ನಂಬುವುದು ಬಿಡುವುದು ಬೇರೆ ಮಾತು. ಆ ನೋಟವಂತೂ ನಿಜವಾದದ್ದು. ಆ ಅಜ್ಜಂದಿರ ಮೊಮ್ಮಗಳು ಕಂಡದ್ದನ್ನು ಪುಸ್ತಕವೊಂದು ಅಳಿಸಿಹಾಕಿತು. ಮಗುವಿಗೆ ತನ್ನ ಕಣ್ಣಿನ ಮೇಲಿನ ನಂಬಿಕೆ ಹೋದರೆ, ಮುಂದೆ ವಿಜ್ಞಾನದ ಯಾವ ಪಾಠ ಅದಕ್ಕೆ ಹತ್ತೀತು?

ಆದುದರಿಂದ ನನ್ನ ಮೊದಲ ಒರೆಗಲ್ಲು ಇದು: ಪುಸ್ತಕದ ಆಕಾಶ ನಮ್ಮ ಅಂಗಳದ ಆಕಾಶಕ್ಕೆ ಹೊಂದುತ್ತದೆಯೆ? ಧ್ರುವನಕ್ಷತ್ರವನ್ನು ನಡುನೆತ್ತಿಗೆ ಹತ್ತಿರ ಬರೆದ ಪುಸ್ತಕ ನಮಗಲ್ಲ. ಇಲ್ಲಿ ಅದು ಉತ್ತರದ ಅಂಚಿನಿಂದ ಚಾಚಿದ ಕೈಯ ಒಂದೂವರೆ ಮುಷ್ಟಿಯಷ್ಟೇ ಮೇಲಿರುತ್ತದೆ. ಲಂಡನ್ನಿನ ಮಗು ತನ್ನ ಊರಿನಲ್ಲಿ ಎಂದೂ ಕಾಣದ ಅಗಸ್ತ್ಯ ನಕ್ಷತ್ರವನ್ನು ಜಗಳೂರಿನ ಮಗು ಮಾಘಮಾಸದ ಸಂಜೆ ದಕ್ಷಿಣದಲ್ಲಿ ಕಾಣಬಹುದು. ಚಂದ್ರನ ಕಲೆಗಳಲ್ಲಿ ಅವರು ಮನುಷ್ಯನ ಮುಖವನ್ನು ಕಂಡರು, ನಮ್ಮವರು ಮೊಲವನ್ನು ಕಂಡರು. ಎಳೆಯ ಚಂದ್ರನ ಎರಡು ಕೊಂಬುಗಳ ನಡುವೆ ನಕ್ಷತ್ರವನ್ನು ಕೂರಿಸಿದ ಚಿತ್ರ ಮಾತ್ರ ಯಾವ ಊರಿಗೂ ಸಲ್ಲದು. ಅಲ್ಲಿ ಕತ್ತಲಲ್ಲಿರುವುದು ಚಂದ್ರನ ಮೈಯೇ, ಅದನ್ನು ತೂರಿಕೊಂಡು ನಕ್ಷತ್ರ ಕಾಣುವುದೆಂತು?

ಎರಡನೆಯದು ಅಳತೆಯ ಪ್ರಾಮಾಣಿಕತೆ. ಪುಟದಲ್ಲಿ ಎಲ್ಲವನ್ನೂ ಸರಿಯಳತೆಯಲ್ಲಿ ಬರೆಯಲಾಗದು, ನಿಜ. ಆದರೆ "ಇದು ಅಳತೆಗೆ ಬರೆದುದಲ್ಲ" ಎಂದು ಒಂದು ಮಾತು ಹೇಳುವ ಪುಸ್ತಕ, ಹೇಳದ ಪುಸ್ತಕಕ್ಕಿಂತ ಮೇಲು. ಚನ್ನಗಿರಿಯ ಮಗುವಿಗೆ ಅಡಿಕೆಯಿಂದಲೇ ಇದನ್ನು ತೋರಿಸಬಹುದು. ಎರಡೂವರೆ ಸೆಂಟಿಮೀಟರಿನ ಒಂದು ಅಡಿಕೆಯನ್ನು ಭೂಮಿಯೆಂದು ಇಡೋಣ. ಚಂದ್ರ ಒಂದು ಬಟಾಣಿ ಕಾಳು. ಅದನ್ನು ಇಡಬೇಕಾದದ್ದು ಪಕ್ಕದಲ್ಲಿ ಅಲ್ಲ, ಮುಕ್ಕಾಲು ಮೀಟರಿನಾಚೆ. ಸೂರ್ಯ ಆಳೆತ್ತರವನ್ನು ಮೀರಿದ, ೨.೭ ಮೀಟರ್ ಅಗಲದ ಗೋಳ. ಅದು ತೋಟದ ಆಚೆ ಬದುವಿನಲ್ಲಿ, ಸುಮಾರು ೩೦೦ ಮೀಟರ್ ದೂರದಲ್ಲಿರಬೇಕು. ನೆಪ್ಚೂನಿಗೆ ಸುಮಾರು ಒಂಬತ್ತು ಕಿಲೋಮೀಟರ್ ನಡೆದು ಪಕ್ಕದ ಊರಿಗೆ ಹೋಗಬೇಕು. ಐದು ವರ್ಷದ ಮಗುವಿಗೆ ಅಂಕಿಗಳು ಬೇಡ. ಅಡಿಕೆಯೂ ಬಟಾಣಿಯೂ ಸಾಕು.

ಮೂರನೆಯದು ಭಾಷೆ, ಇದು ನನ್ನ ಕಸುಬಿಗೆ ಸೇರಿದ್ದು. ವೀನಸ್, ಮಾರ್ಸ್, ಜುಪಿಟರ್ ಎಂದು ಬರೆದ ಕನ್ನಡ ಪುಸ್ತಕಗಳನ್ನು ನಾನು ಕಂಡಿದ್ದೇನೆ. ಮಂಗಳ, ಬುಧ, ಗುರು, ಶುಕ್ರ, ಶನಿ ಎಂದು ವಾರದ ದಿನಗಳನ್ನು ಎಣಿಸುವ ಮಗುವಿನ ನಾಲಗೆಯ ಮೇಲೆ ಗ್ರಹಗಳು ಆಗಲೇ ಕುಳಿತಿವೆ. ಕಣ್ಣಿಗೆ ಕಾಣುವ ಈ ಐದಕ್ಕೆ ನಮ್ಮ ಹೆಸರುಗಳುಂಟು. ೧೭೮೧ರಲ್ಲಿ ದೂರದರ್ಶಕಕ್ಕೆ ಸಿಕ್ಕಿದ ಯುರೇನಸ್ಸಿಗೂ ೧೮೪೬ರಲ್ಲಿ ಸಿಕ್ಕಿದ ನೆಪ್ಚೂನಿಗೂ ವಾರವಿಲ್ಲ. ಇದೇ ಒಂದು ಸೊಗಸಾದ ಪಾಠವಲ್ಲವೆ? ಶನಿಯೆಂದರೆ ಮನೆಯಲ್ಲಿ ಅಂಜಿಕೆ. ಬಳೆ ತೊಟ್ಟ ಶನಿಯನ್ನು, ೨೦೨೫ರ ಎಣಿಕೆಯಂತೆ ೨೭೪ ಚಂದ್ರರ ಒಡೆಯನನ್ನು, ಎಳವೆಯಲ್ಲಿಯೇ ಚಿತ್ರದಲ್ಲಿ ನೋಡಿ ಮೆಚ್ಚಿದ ಮಗುವಿಗೆ ಆ ಅಂಜಿಕೆ ಅಷ್ಟು ಸುಲಭವಾಗಿ ಅಂಟದು.

ನಾಲ್ಕನೆಯದು, ಪುಸ್ತಕದ ವಯಸ್ಸು. ಮೊದಲ ಪುಟವನ್ನು ತಿರುವಿ ಅಚ್ಚಾದ ವರ್ಷವನ್ನು ನೋಡಬೇಕು. ಪ್ಲೂಟೋವನ್ನು ಒಂಬತ್ತನೆಯ ಗ್ರಹವೆನ್ನುವುದು ೨೦೦೬ಕ್ಕೇ ಮುಗಿದ ಮಾತು. ಚಂದ್ರನಲ್ಲಿ ನೀರಿನ ಸುಳಿವೇ ಇಲ್ಲವೆಂದು ಬರೆದ ಪುಸ್ತಕ ೨೦೦೮ರಲ್ಲಿ ಹೊರಟ ಚಂದ್ರಯಾನ-೧ಕ್ಕಿಂತ ಹಿಂದಿನದು. ಕೊಮೇನಿಯಸನ ಭೂಮಿ ನಮ್ಮ ಕಪಾಟಿನಲ್ಲಿಯೂ ನಡುವೆ ನಿಂತಿರಬಾರದು.

ಕೊನೆಯದಾಗಿ, ಆಕಾಶದ ಪುಸ್ತಕದಲ್ಲಿ ಮನುಷ್ಯರು ಬರುವುದಾದರೆ ಅವರಲ್ಲಿ ನಮ್ಮವರೂ ಇರಲಿ. ಕೇರಳದ ತುಂಬಾದಲ್ಲಿ ರಾಕೆಟ್ಟಿನ ಮೂತಿಯನ್ನು ಸೈಕಲ್ಲಿನ ಮೇಲೆ ಸಾಗಿಸುತ್ತಿರುವ ಛಾಯಾಚಿತ್ರವೊಂದುಂಟು; ಫ್ರಾನ್ಸಿನ ಕಾರ್ಟಿಯೆ ಬ್ರೆಸಾನ್ ೧೯೬೬ರಲ್ಲಿ ತೆಗೆದದ್ದು. ಅದರಲ್ಲಿರುವ ಎಂಜಿನಿಯರು ಕನ್ನಡಿಗರಾದ ಸಿ. ಆರ್. ಸತ್ಯ, 'ಆಚೆಮನೆ ಸುಬ್ಬಮ್ಮ'ನ ಏಕಾದಶಿಯ ಹಾಡನ್ನು ಬರೆದು ನಮ್ಮನ್ನು ನಗಿಸಿದವರೂ ಅವರೇ. ಸೈಕಲ್ಲನ್ನು ಬಲ್ಲ ನ್ಯಾಮತಿಯ ಹುಡುಗನಿಗೆ, ಹುಡುಗಿಗೆ, ಅದಕ್ಕಿಂತ ಹತ್ತಿರದ ಬಾಹ್ಯಾಕಾಶದ ಚಿತ್ರ ಯಾವುದಿದ್ದೀತು?

ಹೀಗೆಲ್ಲ ಒರೆಗೆ ಹಚ್ಚಿದರೆ ಪುಸ್ತಕಗಳು ಉಳಿಯುವುದು ಕೆಲವೇ. ಚಿಂತೆಯಿಲ್ಲ. ಒಂದು ಅರಿವು ಕೇಂದ್ರಕ್ಕೆ ಮೂರು ನಾಲ್ಕು ಸಾಕು: ಎಳೆಯರಿಗೆ ಚಂದ್ರನದೊಂದು, ಹಗಲು ರಾತ್ರಿಗಳದೊಂದು, ಸ್ವಲ್ಪ ದೊಡ್ಡವರಿಗೆ ಗ್ರಹಗಳದೊಂದು, ನಕ್ಷತ್ರಗಳದೊಂದು. ಪುಟಕ್ಕೆ ಒಂದು ಚಿತ್ರ, ಒಂದೆರಡು ಸಾಲು. ಕಾಗದದ ಪುಸ್ತಕವೇ ಇರಲಿ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಮೊಬೈಲಿನ ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಹಗಲಲ್ಲಿ ಪುಸ್ತಕ, ಇರುಳಲ್ಲಿ ಬಯಲು, ಇದೇ ಸರಿಯಾದ ಕ್ರಮ.

ದೊಡ್ಡ ನಗರದ ಮಕ್ಕಳಿಗೆ ಇಂದು ಹಣ ಕೊಟ್ಟರೂ ದೊರೆಯದ ಸಂಪತ್ತು ಒಂದು ನಮ್ಮಲ್ಲಿ ಇನ್ನೂ ಉಳಿದಿದೆ. ಅದು ಕತ್ತಲೆ. ಸೂಳೆಕೆರೆಯ ಏರಿಯ ಮೇಲೆ, ಹೊನ್ನಾಳಿಯ ತುಂಗಭದ್ರೆಯ ದಡದಲ್ಲಿ, ತೀರ್ಥರಾಮೇಶ್ವರದ ಗುಡ್ಡದ ಮೇಲೆ, ಮಳೆ ಕಡಮೆಯೆಂದು ನಾವು ಮರುಗುವ ಜಗಳೂರಿನ ಬಯಲಿನಲ್ಲಿ, ಅಮಾವಾಸ್ಯೆಯ ರಾತ್ರಿ ಆಕಾಶಗಂಗೆ ಹರಿಯುವುದನ್ನು ಬರಿಗಣ್ಣಿನಿಂದ ಕಾಣಬಹುದು. ಇಷ್ಟು ಸಿರಿಯಿರುವ ಊರಿಗೆ ಪುಸ್ತಕ ಆರಿಸುವ ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟೆ: ಕೊಳ್ಳುವ ಮೊದಲು ಆ ಪುಸ್ತಕವನ್ನು ಒಂದು ಸಂಜೆ ಅಂಗಳಕ್ಕೆ ಒಯ್ದು, ಅದರ ಚಂದ್ರನನ್ನು ಮೇಲಿನ ಚಂದ್ರನೊಡನೆ ಹೋಲಿಸಿ ನೋಡಿ. ಹೊಂದಿದರೆ ಮಗುವಿನ ಕೈಗೆ ಕೊಡಿ. ಹೊಂದದಿದ್ದರೆ ಅಂಗಡಿಗೆ ಹಿಂದಿರುಗಿಸಿ, ಮಗುವನ್ನು ಮಾತ್ರ ಅಂಗಳದಲ್ಲಿಯೇ ಇರಗೊಡಿ.